ನಲವತ್ತೊಂದನೇ ಕ್ಯಾಸೆಟ್ಟು

ಕಪಾಟಿನಲ್ಲಿ ನಲವತ್ತು ಇತ್ತು. ನಲವತ್ತೆರಡು ಇತ್ತು. ನಡುವೆ ಎರಡು ಬೆರಳಿನಷ್ಟು ಖಾಲಿ ಜಾಗ.

ನಾನು ಮತ್ತೆ ಒಂದರಿಂದ ಎಣಿಸಿದೆ. ನೂರಾ ಇಪ್ಪತ್ತು ವಿಡಿಯೋ ಕ್ಯಾಸೆಟ್ಟುಗಳಿರಬೇಕಾದ ಕಡೆ ನೂರಾ ಹತ್ತೊಂಬತ್ತಿದ್ದವು. ಬೇರೆ ಯಾವ ನಂಬರು ಕಾಣೆಯಾಗಿದ್ದರೂ ನಾನು ಇಷ್ಟು ಬೆವರುತ್ತಿರಲಿಲ್ಲ. ನಲವತ್ತೊಂದು ತಾಯಮ್ಮನವರದು. ತಾಯಮ್ಮ ಸತ್ತು ಹದಿನೈದು ದಿನವಾಗಿತ್ತು. ಅವರ ಮಗ ಚೆಲುವರಾಜು ಹೊರಗೆ ಪಾರ್ಕಿಂಗಿನಲ್ಲಿ, ಕಾರೊಳಗೆ ಕಾಯುತ್ತ ಕೂತಿದ್ದ.

1987ರ ಅಕ್ಟೋಬರ್, ಒಂದು ಶನಿವಾರ ಬೆಳಿಗ್ಗೆ. ಮಿಲ್ಪಿಟಾಸಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಕೊಲ್ಲಿಯ ಕೆಸರಿನ ವಾಸನೆ ಕಿಟಕಿ ಮುಚ್ಚಿದ್ದರೂ ಒಳಗೆ ಬಂದಿತ್ತು.

ನನ್ನ ಹೆಸರು ಪದ್ಮಜಾ. ಊರು ಮೈಸೂರು. ವಾರವಿಡೀ ಯೂನಿಯನ್ ಸಿಟಿಯ ಒಂದು ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುತ್ತಿದ್ದೆ. ಶನಿವಾರ ಈ ಸಣ್ಣ ಕಂಪನಿಗೆ ಬರುತ್ತಿದ್ದೆ. ಇಲ್ಲಿ ಸ್ಕ್ಯಾನಿನ ಚಿತ್ರವನ್ನು ತಿಳಿಗೊಳಿಸುವ ಯಂತ್ರ ತಯಾರಾಗುತ್ತಿತ್ತು. ಅಲ್ಟ್ರಾಸೌಂಡ್ ಚಿತ್ರ ನೋಡಿದವರಿಗೆ ಗೊತ್ತು, ಅದರ ತುಂಬ ರವೆ ಚೆಲ್ಲಿದ ಹಾಗೆ ಕಾಳುಕಾಳು ಇರುತ್ತದೆ. ಆ ಕಾಳುಗಳ ನಡುವೆ ಸಣ್ಣ ಗಡ್ಡೆಯೊಂದು ಅಡಗಿದ್ದರೆ ಎಂಥ ಡಾಕ್ಟರ ಕಣ್ಣೂ ಕೈಕೊಡುತ್ತದೆ. ರವೆ ಅಳಿಸಿ ಗಡ್ಡೆ ಮಾತ್ರ ಎದ್ದು ಕಾಣುವಂತೆ ಮಾಡುವ ಪ್ರೋಗ್ರಾಮು ಬರೆದವನು ಶೇಷಗಿರಿ. ಬಸವನಗುಡಿಯವನು, ಮೆದು ಮಾತಿನವನು. ಕಂಪನಿಯಲ್ಲಿ ನನಗೆ ಇಷ್ಟವಾದ ಒಬ್ಬನೇ ಮನುಷ್ಯ. ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಯಂತ್ರವನ್ನು ನೂರಾ ಇಪ್ಪತ್ತು ಜನರ ಮೇಲೆ ಪರೀಕ್ಷಿಸಿದೆವು. ಯಂತ್ರಕ್ಕೆ ಎರಡು ಪರದೆ. ಒಂದರಲ್ಲಿ ರವೆ ಇರುವ ಮೂಲ ಚಿತ್ರ, ಇನ್ನೊಂದರಲ್ಲಿ ತಿಳಿಯಾದದ್ದು. ಮೂಲದ ಪರದೆಗೆ ಕಪ್ಪು ಬಟ್ಟೆ ಹೊದಿಸಿದ್ದರು. ನಾನು ತಿಳಿ ಚಿತ್ರವನ್ನಷ್ಟೇ ನೋಡಿಕೊಂಡು ಸ್ಕ್ಯಾನ್ ಮಾಡಬೇಕು. ಮೂಲ ಚಿತ್ರ ನೇರವಾಗಿ ಕ್ಯಾಸೆಟ್ಟಿಗೆ ಹೋಗುತ್ತಿತ್ತು, ಒಬ್ಬರಿಗೆ ಒಂದು ಕ್ಯಾಸೆಟ್ಟು. ಅದರಿಂದ ಆರಿಸಿದ ಚಿತ್ರಗಳು ಕಂಪ್ಯೂಟರಿಗೆ. ಆಮೇಲೆ ಒಬ್ಬ ಡಾಕ್ಟರು ಮೂಲ ಚಿತ್ರ, ಇನ್ನೊಬ್ಬರು ತಿಳಿ ಚಿತ್ರ ನೋಡಿ, ಯಾರು ಹೆಚ್ಚು ಗಡ್ಡೆ ಕಂಡುಹಿಡಿದರು ಎಂದು ಲೆಕ್ಕ ಹಾಕುವುದು.

ಊರಿಂದ ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮಂದಿರಿಗೆ ಇಲ್ಲಿ ಇನ್ಶೂರೆನ್ಸ್ ಇರುವುದಿಲ್ಲ. ಪರೀಕ್ಷೆಗೆ ಬಂದರೆ ಸ್ಕ್ಯಾನ್ ಪುಕ್ಕಟೆ ಎಂದು ಶೇಷಗಿರಿಯೇ ನಮ್ಮವರಿಗೆಲ್ಲ ಹೇಳಿದ್ದ. ಹಾಗೆ ಮೇ ತಿಂಗಳಲ್ಲಿ ಬಂದವರು ತಾಯಮ್ಮ. ರಿಪೋರ್ಟು ಕ್ಲೀನ್ ಬಂತು. ಐದು ತಿಂಗಳೂ ಕಳೆಯಲಿಲ್ಲ, ಲಿವರಿನ ಗಡ್ಡೆ ಅವರನ್ನು ತೆಗೆದುಕೊಂಡು ಹೋಯಿತು.

*

ಹಿಂದಿನ ದಿನ ಸಂಜೆ ಚೆಲುವರಾಜು ನನ್ನ ಅಪಾರ್ಟ್‌ಮೆಂಟಿಗೆ ಬಂದಿದ್ದ. ತಲೆ ಬೋಳಿಸಿ, ಮೇಲೆ ಉಲ್ಲನ್ ಟೋಪಿ ಹಾಕಿದ್ದ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಮೇ ತಿಂಗ್ಳಲ್ಲೇ ಕಂಡಿದ್ರೆ ಕತ್ತರಿಸಿ ತೆಗೀಬೋದಿತ್ತಂತೆ. ಡಾಕ್ಟ್ರು ಹೇಳಿದ್ರು. ಆಗ ನಿಂಬೆಹಣ್ಣಿನಷ್ಟೂ ಇರ್ತಿರ್ಲಿಲ್ಲವಂತೆ."

ನಾನು ಕುರ್ಚಿ ಮುಂದಕ್ಕೆ ತಳ್ಳಿದೆ. ಅವನು ನಿಂತೇ ಮುಂದುವರಿಸಿದ.

"ಜೂನ್‌ಗೆ ನಮ್ಮವ್ವನ ಟಿಕೆಟ್ ಇತ್ತು ಮೇಡಂ. ರಿಪೋರ್ಟು ಕ್ಲೀನ್ ಅದೆ ಅಂತ ನಾವೇ ಮುಂದಕ್ಕೆ ಹಾಕ್ಸಿದ್ವಿ. ಮಗೀನ ಡೇಕೇರ್‌ಗೆ ಬಿಡೋದು ಬ್ಯಾಡ, ನಾನೇ ನೋಡ್ಕತೀನಿ ಅಂತು. ಹೊಟ್ಟೆನೋವು ಅಂದಾಗ್ಲೆಲ್ಲ ಗ್ಯಾಸು ಅಂತ ಮಾತ್ರೆ ಕೊಟ್ಟೆ ನಾನು."

"ರಿಪೋರ್ಟ್ ಕೊಡೋರು ಡಾಕ್ಟರು, ಚೆಲುವರಾಜು. ನಾನು ಚಿತ್ರ ತೆಗಿಯೋಳು ಅಷ್ಟೆ."

"ನೀವೇ ಹೇಳಿದ್ರಂತಲ್ಲ. ಆ ಮೈಸೂರಮ್ಮ ನೋಡಿ ಏನೂ ಇಲ್ಲ ಅಂದ್ರು ಅಂತ ಸಾಯೋಗಂಟ ಹೇಳ್ತಿತ್ತು."

"ನಾನು ಯಾರಿಗೂ ಹಾಗೆ ಹೇಳಲ್ಲ. ಹೇಳೋಹಾಗೇ ಇಲ್ಲ, ಅದು ರೂಲು."

"ಹಂಗಾರೆ ನಮ್ಮವ್ವ ಸುಳ್ಳು ಹೇಳ್ತಾ?"

ನನಗೆ ಸಿಟ್ಟು ಬಂದಿತ್ತು. ಹನ್ನೊಂದು ವರ್ಷದಿಂದ ಹೊಟ್ಟೆಯ ಮೇಲೆ ಪ್ರೋಬ್ ಆಡಿಸಿ ಚಿತ್ರ ತೆಗೆದ ಕೈ ಇದು. ಸಿಟ್ಟಿನ ಕೆಳಗೆ ಭಯವೂ ಇತ್ತು.

"ಒಂದ್ ಸಲ ಆ ಚಿತ್ರ ತೋರ್ಸಿ," ಎಂದ. "ನಿಮ್ದೇ ತಪ್ಪು ಅಂತಾದ್ರೆ ನಾನ್ ಬುಡಲ್ಲ. ಅಲ್ಲಿರೋರಲ್ಲಿ ಶೇಷಗಿರಿ ಸಾರ್ ಒಬ್ರೇ ಒಳ್ಳೇವ್ರು. ಕ್ಲೀನ್ ರಿಪೋರ್ಟ್ ಕೈಗೆ ಕೊಡೋವಾಗ್ಲೂ, ಊರಿಗೆ ಹೋದ ತಕ್ಷಣ ಇನ್ನೊಂದ್ ಕಡೆ ತೋರ್ಸಿಬಿಡಿ ಅಂತ ಎರಡೆರಡು ಸಲ ಹೇಳಿದ್ರು. ನಾನೇ ಕೇಳ್ಲಿಲ್ಲ."

ಕಂಪನಿ ಏನು ಹೇಳುತ್ತದೆಂದು ನನಗೆ ಗೊತ್ತಿತ್ತು. ಸೋಮವಾರ ಯಂತ್ರ ಆರು ಆಸ್ಪತ್ರೆಗೆ ಹೊರಡಲಿತ್ತು. ಯಂತ್ರ ಸರಿಯಾಗಿದೆ, ಪ್ರೋಬ್ ಹಿಡಿದವಳು ಸರಿಯಿಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ಹಾಗಾದರೆ ನನ್ನ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಜೀವ ನನ್ನ ಕೈಯಲ್ಲಿ ಹೋಯಿತೇ ಎಂಬುದು ನನಗೇ ಗೊತ್ತಾಗಬೇಕಿತ್ತು.

*

ಕ್ಯಾಸೆಟ್ಟು ಇಲ್ಲದಿದ್ದರೆ ಹೋಗಲಿ, ಕಂಪ್ಯೂಟರಿನಲ್ಲಿ ಚಿತ್ರ ಇರಬೇಕಲ್ಲ. ನಲವತ್ತೊಂದು ಎಂದು ಒತ್ತಿದೆ. ಮೂಲ ಚಿತ್ರ ಬಂತು, ಪಕ್ಕದಲ್ಲಿ ತಿಳಿ ಚಿತ್ರ. ಮೇಲೆ ತಾಯಮ್ಮನ ಹೆಸರು, ಮೇ 16, ಮಧ್ಯಾಹ್ನ ಎರಡು ಗಂಟೆ.

ಲಿವರಿನಲ್ಲಿ ಏನೂ ಇರಲಿಲ್ಲ. ರವೆ ಇದ್ದ ಚಿತ್ರದಲ್ಲೂ ಇಲ್ಲ, ಅಳಿಸಿದ್ದರಲ್ಲೂ ಇಲ್ಲ.

ಗಡ್ಡೆ ದೇಹದಲ್ಲಿತ್ತು, ಚಿತ್ರದಲ್ಲಿಲ್ಲ. ಅಂದರೆ ನಾನು ಪ್ರೋಬನ್ನು ಇಡಬೇಕಾದ ಕಡೆ ಇಟ್ಟಿರಲಿಲ್ಲ. ಚೆಲುವರಾಜು ಹೇಳಿದ್ದೇ ನಿಜ.

ಕುರ್ಚಿ ಎಳೆದುಕೊಂಡು ಆ ಚಿತ್ರವನ್ನೇ ನೋಡುತ್ತ ಕೂತೆ. ಎಷ್ಟು ಹೊತ್ತೋ. ಆಮೇಲೆ ಲಿವರನ್ನು ಬಿಟ್ಟು ಅದರ ಕೆಳಗೆ ಕಣ್ಣು ಹೋಯಿತು. ಅಲ್ಲಿ ಪಿತ್ತಕೋಶ ಇರುತ್ತದೆ. ಖಾಲಿ ಹೊಟ್ಟೆಯಲ್ಲಿದ್ದರೆ ಅದು ತುಂಬಿಕೊಂಡು ಎಳೆ ಬದನೆಕಾಯಿಯಷ್ಟಿರುತ್ತದೆ. ಊಟ ಮಾಡಿದರೆ ಪಿತ್ತವನ್ನೆಲ್ಲ ಹೊರಗೆ ಹಾಕಿ ಮುದುಡಿಕೊಳ್ಳುತ್ತದೆ. ಅದಕ್ಕೇ ನಾವು ಎಲ್ಲರಿಗೂ ಬರಿಹೊಟ್ಟೆಯಲ್ಲಿ ಬನ್ನಿ ಎನ್ನುವುದು.

ಈ ಚಿತ್ರದಲ್ಲಿ ಅದು ಮುದುಡಿತ್ತು. ಇವರು ಊಟ ಮಾಡಿ ಬಂದವರು, ಅದೂ ಹೊಟ್ಟೆ ತುಂಬ.

ನನಗೆ ಚಿತ್ರಗಳು ನೆನಪಿರುವುದಿಲ್ಲ. ದಿನಕ್ಕೆ ಹದಿನೈದು ಹೊಟ್ಟೆ ನೋಡುವವಳಿಗೆ ಹೇಗೆ ನೆನಪಿರುತ್ತದೆ? ಆದರೆ ಮುಖ ನೆನಪಿರುತ್ತದೆ, ಮಾತು ನೆನಪಿರುತ್ತದೆ. ಸ್ಕ್ಯಾನ್ ಮುಗಿದವರಿಗೆ ಕಂಪನಿಯವರು ಆರೆಂಜ್ ಜ್ಯೂಸ್ ಕೊಡುತ್ತಿದ್ದರು. ತಾಯಮ್ಮ ಲೋಟ ಮುಟ್ಟಲಿಲ್ಲ.

"ಶನಿವಾರ ಅಲ್ವಾ ಮಗ, ನಂಗೆ ಒಪ್ಪತ್ತು. ಊಟ ಏನಿದ್ರೂ ರಾತ್ರಿಗೇಯ. ಎದ್ದಾಗಿಂದ ತೊಟ್ಟು ನೀರೂ ಕುಡಿದಿಲ್ಲ."

"ಇಲ್ಲಿಗೆ ಬಂದ್ಮೇಲೂ ಶನಿವಾರ ಮಾಡ್ತೀರಾ ಅಮ್ಮ?"

"ದೇವ್ರು ಅಲ್ಲೊಬ್ಬ ಇಲ್ಲೊಬ್ಬ ಅವ್ನಾ?"

ಮೇ 16 ಯಾವ ವಾರವೆಂದು ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದೆ. ಶನಿವಾರ. ನಾನು ಇಲ್ಲಿಗೆ ಬರುವುದೇ ಶನಿವಾರ, ನೋಡುವ ಅಗತ್ಯವೇ ಇರಲಿಲ್ಲ. ಆದರೂ ನೋಡಿದೆ.

ಇದು ತಾಯಮ್ಮನ ಹೊಟ್ಟೆಯೇ ಅಲ್ಲ. ಯಾರದ್ದೋ ಚಿತ್ರಕ್ಕೆ ಅವರ ಹೆಸರು ಅಂಟಿಸಿದ್ದಾರೆ.

*

ಪೊಲೀಸರಿಗೆ ಹೇಳೋಣವೆಂದರೆ, ಒಂದು ಕ್ಯಾಸೆಟ್ಟು ಕಳೆದಿದೆ, ಒಂದು ಪಿತ್ತಕೋಶ ಮುದುಡಿದೆ ಎಂದರೆ ಯಾವ ಪೊಲೀಸು ಎದ್ದು ಬರುತ್ತಾನೆ? ಚೆಲುವರಾಜುವನ್ನು ಕರೆದುಕೊಂಡು ಮೊದಲು ಜಯರಾಮನ ಮನೆಗೆ ಹೋದೆ. ಕ್ಯಾಸೆಟ್ಟುಗಳ ಉಸ್ತುವಾರಿ ಅವನದು. ಕಪಾಟಿನ ಬೀಗದ ಕೈ ಅವನ ಹತ್ತಿರವೂ ಇತ್ತು.

ಐದು ನಿಮಿಷದ ದಾರಿ. ಬಾಗಿಲು ತೆಗೆದ ಜಯರಾಮ ನಮ್ಮನ್ನು ಕಂಡದ್ದೇ ಬಿಳಿಚಿಕೊಂಡ. ಟಿವಿಯ ಪಕ್ಕ ಒಂದು ರಟ್ಟಿನ ಡಬ್ಬ. ಅದರ ತುಂಬ ಕಂಪನಿಯ ಕ್ಯಾಸೆಟ್ಟುಗಳು.

"ಇದೇನು ಜಯರಾಮ್?"

"ಮೇಡಂ, ದಯವಿಟ್ಟು ಬಾಸ್‌ಗೆ ಹೇಳ್ಬೇಡಿ."

"ಇದೇನು ಅಂತ ಕೇಳ್ದೆ."

"ಖಾಲಿ ಕ್ಯಾಸೆಟ್ಟು ಮೇಡಂ. ಊರಿಂದ ಯಾರಾದ್ರೂ ಕನ್ನಡ ಪಿಕ್ಚರ್ ತಂದ್ರೆ ಕಾಪಿ ಮಾಡ್ಕೊಂಡು ಎಲ್ರಿಗೂ ಕೊಡ್ತೀನಿ. ಖಾಲಿದು ಬಿಟ್ಟು ಬೇರೆ ಒಂದೂ ಮುಟ್ಟಿಲ್ಲ, ದೇವ್ರಾಣೆ."

ಚೆಲುವರಾಜು ಅವನ ಕಾಲರ್ ಹಿಡಿದ. "ನಮ್ಮವ್ವನ ಕ್ಯಾಸೆಟ್ ಮೇಲೆ ಪಿಕ್ಚರ್ ಹಾಕ್ಕಂಡ್ಯೇನೋ?"

ನಾನು ಬಿಡಿಸಿದೆ. ಡಬ್ಬವನ್ನು ನೆಲಕ್ಕೆ ಸುರಿದು ಒಂದೊಂದನ್ನೇ ತಿರುಗಿಸಿ ನೋಡಿದೆವು. ನಾಲ್ಕು ಸಿನಿಮಾ, ಒಂದು ನಾಮಕರಣ, ಯುಗಾದಿ ಕಾರ್ಯಕ್ರಮ. ಯಾವುದರ ಮೇಲೂ ಹಳೆಯ ನಂಬರಿನ ಚೀಟಿ ಕಿತ್ತ ಗುರುತಿರಲಿಲ್ಲ.

"ನಲವತ್ತೊಂದಾ?" ಎಂದ ಜಯರಾಮ, ಕಾಲರ್ ಸರಿಮಾಡಿಕೊಳ್ಳುತ್ತ. "ಅದು ನಾನು ಬರೋಕೆ ಮುಂಚೇನೇ ಇರ್ಲಿಲ್ಲ ಮೇಡಂ. ಜೂನ್ ಎಂಟಕ್ಕೆ ಸೇರ್ದೆ. ಅವತ್ತೇ ಎಲ್ಲಾ ಎಣಿಸಿ ಪುಸ್ತಕದಲ್ಲಿ ಬರ್ದಿದೀನಿ. ಟೇಪು ಸಿಕ್ಕೊಂಡು ಹರಿದುಹೋಯ್ತು ಅಂತ ಹೇಳಿದ್ರು."

"ಯಾರು ಹೇಳಿದ್ದು?"

"ಶೇಷಗಿರಿ ಸಾರ್. ಹರಿದಿದ್ರೂ ಹರಿದಿರ್ಬೋದು. ಆ ರೆಕಾರ್ಡರ್ರು ತಿಂಗಳಿಗೊಂದು ಟೇಪ್ ನುಂಗುತ್ತೆ."

ಚೆಲುವರಾಜುವಿನ ಕೈಗೆ ರಿಪೋರ್ಟು ಬಂದದ್ದು ಮೇ ಕೊನೆಗೆ. ಜಯರಾಮ ಆಗ ಕಂಪನಿಯಲ್ಲೇ ಇರಲಿಲ್ಲ. ನಾನು ಹೊರಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದೆ.

"ಊಟ ಮಾಡ್ಕೊಂಡು ಬಂದು ಸ್ಕ್ಯಾನ್ ಟೇಬಲ್ ಮೇಲೆ ಮಲಗೋರು ಯಾರಾದ್ರೂ ಇದಾರಾ?"

"ಪೇಷಂಟ್ಸಾ? ಇಲ್ಲ ಮೇಡಂ. ಎಂಜಿನಿಯರ್ಸು. ಅವ್ರು ಯಂತ್ರ ಟೆಸ್ಟ್ ಮಾಡೋದೇ ಲಂಚ್ ಆದ್ಮೇಲೆ, ಒಬ್ರ ಹೊಟ್ಟೆ ಒಬ್ರು. ಲ್ಯಾಬಿನ ಬೋರ್ಡ್ ಮೇಲೆ ಫೋಟೋ ಅಂಟಿಸಿದಾರಲ್ಲ."

*

ಲ್ಯಾಬಿನ ಬೋರ್ಡನ್ನು ನಾನು ನೂರು ಸಲ ನೋಡಿದ್ದೆ. ತಮಾಷೆಗೆ ಅಂಟಿಸಿದ ಒಂಬತ್ತು ಪೊಲರಾಯ್ಡ್ ಫೋಟೋಗಳು, ಎಲ್ಲ ಎಂಜಿನಿಯರುಗಳ ಲಿವರು. ಕೆಳಗಿನ ಬಿಳಿ ಪಟ್ಟಿಯಲ್ಲಿ ಹೆಸರು, ತಾರೀಖು, ಅವತ್ತು ತಿಂದದ್ದು. ಒಬ್ಬ ಹ್ಯಾಂಬರ್ಗರ್ ತಿಂದಿದ್ದ, ಒಬ್ಬ ನೂಡಲ್ಸ್. ಮೂಲೆಯಲ್ಲಿ ಶೇಷಗಿರಿ, ಮಾರ್ಚ್ 12, ಪುಳಿಯೋಗರೆ.

ಒಂಬತ್ತರಲ್ಲೂ ಪಿತ್ತಕೋಶ ಮುದುಡಿತ್ತು. ಇವರಲ್ಲಿ ಯಾರು?

ಒಂದು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಶೇಷಗಿರಿ ನನಗೆ ಪಾಠ ಹೇಳಿದ್ದ. "ಈ ರವೆ ಇದೆಯಲ್ಲ ಪದ್ಮಜಾ ಅವ್ರೇ, ಇದು ರೇಡಿಯೋದ ಗೊರಗೊರ ಥರ ಅಲ್ಲ. ಒಳಗೆ ಹೋದ ಶಬ್ದ ಸಾವಿರ ಕಡೆ ತಾಗಿ ವಾಪಸ್ ಬರುವಾಗ ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ಬೀಳೋ ಕಾಳು. ಪ್ರೋಬ್ ಅಲ್ಲಾಡಿಸ್ದೆ ಇಟ್ಟರೆ ಅದೇ ರವೆ. ಕೂದಲೆಳೆ ಸರಿಸಿದ್ರೆ ಬೇರೆ. ಇಬ್ಬರು ಮನುಷ್ಯರಿಗೆ ಒಂದೇ ರವೆ ಬೀಳೋಕೆ ಸಾಧ್ಯವೇ ಇಲ್ಲ." ಅಳಿಸಲು ಹೊರಟವನು ಅದನ್ನು ಅಷ್ಟು ಪ್ರೀತಿಯಿಂದ ವರ್ಣಿಸಿದ್ದು ಕಂಡು ನನಗೆ ನಗು ಬಂದಿತ್ತು.

ಈಗ ನಗು ಬರಲಿಲ್ಲ. ನಲವತ್ತೊಂದರ ಮೂಲ ಚಿತ್ರವನ್ನು ಪೊಲರಾಯ್ಡಿಗೆ ಇಳಿಸಿಕೊಂಡು, ಭೂತಗನ್ನಡಿ ಹಿಡಿದು ಬೋರ್ಡಿನ ಮುಂದೆ ನಿಂತೆ. ಲಿವರಿನ ಅಂಚಿನ ಹತ್ತಿರ ಮೂರು ಬಿಳಿ ಕಾಳು, ಒಲೆಗುಂಡಿನ ಹಾಗೆ. ಅದರ ಕೆಳಗೆ ಬಾಗಿದ ಕಪ್ಪು ಗೆರೆ. ಎಡಕ್ಕೆ ಜೋಡಿ ಕಾಳು. ಹ್ಯಾಂಬರ್ಗರಿನವನಲ್ಲಿ ಇಲ್ಲ. ನೂಡಲ್ಸಿನವನಲ್ಲಿ ಇಲ್ಲ. ಒಂದೊಂದೇ ದಾಟುತ್ತ ಬಂದೆ. ಕೊನೆಯದರ ಹತ್ತಿರ ಬರುವಾಗ ಇವನಾಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮೂರು ಬಿಳಿ ಕಾಳು. ಬಾಗಿದ ಕಪ್ಪು ಗೆರೆ. ಎಡಕ್ಕೆ ಜೋಡಿ ಕಾಳು. ಇಪ್ಪತ್ತು ಗುರುತು ಹೋಲಿಸಿದೆ, ಇಪ್ಪತ್ತೂ ಕೂಡಿದವು.

ಕೆಳಗೆ ಅವನದೇ ಅಕ್ಷರದಲ್ಲಿ ಪುಳಿಯೋಗರೆ ಎಂದಿತ್ತು.

*

ಪ್ಲೆಸೆಂಟನ್ನಿನ ಹೊಸ ಬಡಾವಣೆಯಲ್ಲಿ ಶೇಷಗಿರಿಯ ಮನೆ. ನಾವು ತಲುಪಿದಾಗ ಸಂಜೆ ನಾಲ್ಕು. ಅವನ ಹೆಂಡತಿ ರಮಾ ಬಾಗಿಲು ತೆಗೆದು, ಚೆಲುವರಾಜುವಿನ ಟೋಪಿಯ ಕೆಳಗಿನ ಬೋಳು ತಲೆ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕಾಫಿ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

ನಾನು ಎರಡು ಪೊಲರಾಯ್ಡುಗಳನ್ನು ಟೀಪಾಯಿಯ ಮೇಲೆ ಪಕ್ಕಪಕ್ಕ ಇಟ್ಟೆ.

"ಶೇಷಗಿರಿ, ಇವೆರಡರಲ್ಲಿ ವ್ಯತ್ಯಾಸ ಏನು ಹೇಳಿ."

ಅವನು ಒಂದು ಕ್ಷಣ ನೋಡಿದ, ಅಷ್ಟೇ. ರವೆ ಓದಲು ಅವನಿಗೆ ಭೂತಗನ್ನಡಿ ಬೇಕಿರಲಿಲ್ಲ.

"ವ್ಯತ್ಯಾಸ ಇಲ್ಲ."

"ಒಂದು ನಿಮ್ಮದು. ಇನ್ನೊಂದಕ್ಕೆ ತಾಯಮ್ಮನವರ ಹೆಸರಿದೆ. ಅವತ್ತು ಅವರಿಗೆ ಒಪ್ಪತ್ತು, ನೀರೂ ಕುಡಿದಿರ್ಲಿಲ್ಲ. ಈ ಹೊಟ್ಟೆ ಪುಳಿಯೋಗರೆ ತಿಂದಿದೆ."

ಅವನು ಪಿತ್ತಕೋಶದ ಮೇಲೆ ಬೆರಳಿಟ್ಟ. "ಇದು ನಂಗೆ ಗೊತ್ತೇ ಇರ್ಲಿಲ್ಲ," ಎಂದ ಮೆಲ್ಲಗೆ. "ಲಿವರ್ ಒಂದೇ ನೋಡ್ತಿದ್ದೆ ನಾನು."

"ಇದನ್ನ ಬೇರೆ ಯಾರೋ ಹಾಕಿರಬಹುದು ಅಂತ ನಾನೂ ಅಂದ್ಕೊಂಡೆ. ನಿಮ್ಮನ್ನ ಕಂಡ್ರೆ ಆಗದವರು ಅಂತ. ಆದ್ರೆ ಕ್ಯಾಸೆಟ್ಟು ಹರಿದುಹೋಯ್ತು ಅಂತ ಹೇಳಿದ್ದು ನೀವು. ಮತ್ತೆ ಕ್ಲೀನ್ ರಿಪೋರ್ಟು ಕೈಗೆ ಕೊಡ್ತಾ, ಊರಲ್ಲಿ ಇನ್ನೊಂದ್ಸಲ ತೋರ್ಸಿ ಅಂತ ಎರಡೆರಡು ಸಲ ಹೇಳಿದ್ದೂ ನೀವೇ. ನೂರಾ ಇಪ್ಪತ್ತು ಜನರಲ್ಲಿ ಬೇರೆ ಯಾರಿಗೂ ಹಾಗೆ ಹೇಳಿದ್ದು ನಾನು ಕೇಳಿಲ್ಲ. ಯಾಕೆ? ಅಲ್ಲಿ ಗಡ್ಡೆ ಇದೆ ಅಂತ ಗೊತ್ತಿದ್ದವರು ನೀವೊಬ್ಬರೇ."

ಚೆಲುವರಾಜು ತಲೆ ಎತ್ತಿದ. ನಿನ್ನೆ ಸಂಜೆಯಿಂದ ನನ್ನನ್ನು ನೋಡಿದ್ದ ಆ ನೋಟ ಈಗ ಅತ್ತ ತಿರುಗಿತು.

"ಸಾರ್?" ಎಂದ.

ಶೇಷಗಿರಿ ಅವನ ಕಡೆ ನೋಡಲಿಲ್ಲ. ನನಗೇ ಹೇಳಿದ.

"ಸ್ಕ್ಯಾನ್ ಆದ್ಮೇಲಿನ ಸೋಮವಾರ ಟೇಪ್ ಹಾಕಿ ನೋಡ್ದೆ. ಮೂಲ ಚಿತ್ರದಲ್ಲಿ ಗಡ್ಡೆ ಕಾಣ್ತಿತ್ತು. ಮಸುಕಾಗಿ, ಆದ್ರೆ ಕಾಣ್ತಿತ್ತು. ನನ್ನ ಪ್ರೋಗ್ರಾಮು ಅದನ್ನೂ ರವೆ ಅಂದ್ಕೊಂಡು ಸುತ್ತಲಿನ ಬಣ್ಣ ತುಂಬಿಬಿಟ್ಟಿತ್ತು. ಗಡ್ಡೆ ಕಾಣದೆ ತಪ್ಪಿಹೋದ್ರೆ ಯಾರೂ ಏನೂ ಅನ್ನಲ್ಲ ಪದ್ಮಜಾ ಅವ್ರೇ, ಎಲ್ಲಾ ಯಂತ್ರನೂ ತಪ್ಪುತ್ತೆ. ಆದ್ರೆ ಕಾಣೋ ಗಡ್ಡೇನ ಅಳಿಸಿಹಾಕೋ ಯಂತ್ರ? ಅಲ್ಲಿಗೆ ಆರು ವರ್ಷದ ಕೆಲಸ ಮುಗೀತು. ಕಂಪನಿ ಮುಚ್ಚತ್ತೆ. ಕಂಪನಿ ಮುಚ್ಚಿದ್ರೆ ನನ್ನ ಗ್ರೀನ್ ಕಾರ್ಡೂ ಹೋಯ್ತು. ಡಾಕ್ಟರುಗಳು ನೋಡೋಕೆ ಮುಂಚೆ ಅವರ ಚಿತ್ರ ತೆಗೆದು ನನ್ನದು ಹಾಕ್ಬಿಟ್ಟೆ. ಪ್ರೋಗ್ರಾಮು ಸರಿ ಮಾಡಿದ ಮೇಲೆ ಹೇಳೋಣ ಅಂದ್ಕೊಂಡೆ. ಜೂನಲ್ಲಿ ಊರಿಗೆ ಹೋಗ್ತಾರೆ, ಅಲ್ಲಿ ಗೊತ್ತಾಗುತ್ತೆ ಅಂದ್ಕೊಂಡೆ."

"ಹೋಗ್ಲಿಲ್ಲ," ಎಂದ ಚೆಲುವರಾಜು. "ನೀವು ಕೊಟ್ಟ ರಿಪೋರ್ಟ್ ನೋಡ್ಕಂಡು ಉಳ್ಕತು."

ರಮಾ ಬಾಗಿಲ ಹತ್ತಿರ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳಿಗೂ ಇದು ಹೊಸ ಸುದ್ದಿ.

"ಕ್ಯಾಸೆಟ್ಟು ಸುಟ್ಟುಹಾಕಿದ್ರಾ?" ಎಂದೆ.

ಅವನು ಎದ್ದು ದೇವರ ಕೋಣೆಗೆ ಹೋದ. ಮಂಟಪದ ಹಿಂದಿನಿಂದ ಕೆಂಪು ವಸ್ತ್ರದಲ್ಲಿ ಸುತ್ತಿದ್ದ ಕ್ಯಾಸೆಟ್ಟು ತಂದ. ಸುಡಲು ಅವನಿಗೆ ಧೈರ್ಯವಿರಲಿಲ್ಲ. ಹೇಳಲೂ ಇರಲಿಲ್ಲ.

"ಮೊದಲು ಫೋನ್ ಮಾಡಿ," ಎಂದೆ. "ಸೋಮವಾರ ಯಂತ್ರ ಹೊರಡಬಾರದು."

ನಮ್ಮೆದುರೇ ಡೈರೆಕ್ಟರಿಗೆ ಫೋನ್ ಮಾಡಿದ. ಇಂಗ್ಲಿಷಿನಲ್ಲಿ, ಒಂದೇ ಧ್ವನಿಯಲ್ಲಿ, ಏನೂ ಮುಚ್ಚಿಡದೆ ಹೇಳಿದ. ಪೊಲೀಸರು, ವಕೀಲರು ಎಲ್ಲ ಆಮೇಲೆ ಬಂದರು. ಯಂತ್ರ ಹೊರಡಲಿಲ್ಲ.

ಫೋನ್ ಇಟ್ಟ ಮೇಲೆ ಚೆಲುವರಾಜು ಹೇಳಿದ, "ಹಾಕಿ ಅದ್ನ. ನೋಡ್ಬೇಕು ನಾನು."

*

ಟಿವಿಯಲ್ಲಿ ಬೂದು ಬಣ್ಣದ ರವೆ ಮೂಡಿತು. ಪಿತ್ತಕೋಶ ತುಂಬಿಕೊಂಡು ಕಪ್ಪಗೆ ಹೊಳೆಯುತ್ತಿತ್ತು. ಲಿವರಿನ ಬಲಭಾಗದಲ್ಲಿ ಮಸುಕಾದ ದುಂಡನೆಯ ನೆರಳು. ಪ್ರೋಬ್ ಅದರ ಮೇಲೆಯೇ ಹೋಯಿತು, ಮತ್ತೆ ಬಂದು ಮತ್ತೆ ಅದರ ಮೇಲೆಯೇ ಹೋಯಿತು. ನನ್ನ ಕೈ ತಪ್ಪಿರಲಿಲ್ಲ. ನನ್ನ ಮುಂದಿದ್ದ ಪರದೆಯಲ್ಲಿ ಮಾತ್ರ ಆ ನೆರಳು ಇರಲಿಲ್ಲ. ಸದ್ಯ, ನಾನು ಬದುಕಿದೆ ಎಂದುಕೊಂಡೆ. ಹಾಗಂದುಕೊಂಡದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ರೆಕಾರ್ಡರಿಗೆ ಮೈಕೂ ಇತ್ತು, ಅದು ನನಗೆ ಗೊತ್ತಿರಲಿಲ್ಲ.

"ಉಸಿರು ಒಳಗೆ ತಗೊಳ್ಳಿ ಅಮ್ಮ. ಹಾಗೇ ಹಿಡ್ಕೊಳ್ಳಿ," ಎಂದಿತು ಟಿವಿಯಲ್ಲಿ ನನ್ನ ಧ್ವನಿ.

"ಬುಡ್ಲಾ?"

"ಈಗ ಬಿಡಿ."

ಚೆಲುವರಾಜು ಸೋಫಾದಿಂದ ಜಾರಿ ನೆಲದ ಮೇಲೆ ಟಿವಿಯ ಹತ್ತಿರ ಕೂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಭಯ ಆಯ್ತದೆ ಕಣವ್ವ," ಎಂದರು ತಾಯಮ್ಮ. "ಏನಾರಾ ಕಾಣ್ತದಾ?"

ಪ್ರೋಬ್ ನಿಂತಿತ್ತು. ನೆರಳು ಪರದೆಯ ನಟ್ಟನಡುವೆ ಇತ್ತು.

"ಏನೂ ಇಲ್ಲಮ್ಮ," ಎಂದಿತು ನನ್ನ ಧ್ವನಿ, ನಗುನಗುತ್ತ. "ಎಲ್ಲಾ ಚೆನ್ನಾಗಿದೆ. ಮೊಮ್ಮಗೂನ ಆಡಿಸ್ಕೊಂಡು ಹಾಯಾಗಿರಿ."

ಟೇಪು ಮುಗಿಯಿತು. ನಾನು ಅವನ ಮುಖ ನೋಡಲಾರದೆ ನನ್ನ ಬಲಗೈಯನ್ನೇ ನೋಡುತ್ತ ಕೂತಿದ್ದೆ.

"ನಮ್ಮವ್ವ ಸುಳ್ಳು ಹೇಳಿರ್ಲಿಲ್ಲ ಅಕ್ಕ," ಎಂದ ಚೆಲುವರಾಜು.

"ಇಲ್ಲ," ಎಂದೆ.

ಅವನು ಕೈಚಾಚಿ ತಾನೇ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ.